ಒಂದೇ ಪದರದ ಚಿತ್ರಗಳು

ಟರ್ಪೆಂಟೈನ್ ವಾಸನೆ ಎಂದರೆ ದೊಡ್ಡಮ್ಮನಿಗೆ ಅಪ್ಪ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಅಪ್ಪ ಸಂಜೆ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಆ ವಾಸನೆ ಒಳಗೆ ಬಂದು ಕೂತಿರುತ್ತಿತ್ತು. ಸೋಪು ಹಾಕಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ. ಬೆಳಿಗ್ಗೆ ಆ ಕೈಯಲ್ಲೇ ಅವರು ಮಗಳ ಜಡೆ ಹೆಣೆಯುತ್ತಿದ್ದರು. ಶಾಲೆಯಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡರೂ ಇವಳು ತಲೆ ಎತ್ತಿಯೇ ಕೂರುತ್ತಿದ್ದಳು.

ಈಗ ಅರವತ್ತೆರಡರ ವಯಸ್ಸಿನಲ್ಲಿ ಅವಳು ಕೂರುವ ಕಚೇರಿಯಲ್ಲಿ ವಾಸನೆಯೊಂದಿಲ್ಲ, ಉಳಿದಂತೆ ಬಣ್ಣವೇ ಬಣ್ಣ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ತಮ್ಮ ಕೆಲಸವನ್ನು ಹಂಚಿಕೊಳ್ಳುವ ಜಾಲತಾಣ ಅದು. ಬಂದ ದೂರುಗಳನ್ನು ನೋಡಿ ಯಾವ ಚಿತ್ರ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಮೂವರು: ಅವಳು, ಪಕ್ಕದ ಮೇಜಿನ ಹುಡುಗಿ, ಕಚೇರಿ ನಡೆಸುವ ಸಾಹೇಬರು. ಮೂವರೂ ಒಪ್ಪಿದರೆ ಮಾತ್ರ ಸದಸ್ಯರೊಬ್ಬರ ಖಾತೆ ಅಳಿಸಬಹುದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾಗಿ ಬಂದವಳನ್ನು ಮೊದಲ ವಾರದಲ್ಲೇ ಎಲ್ಲರೂ ದೊಡ್ಡಮ್ಮ ಮಾಡಿಕೊಂಡಿದ್ದರು.

ಆ ದಿನ ಮೂರು ಗಂಟೆಗೆ ಪಕ್ಕದ ಮೇಜಿನ ಹುಡುಗಿ ಕುರ್ಚಿ ಉರುಳಿಸಿಕೊಂಡೇ ಬಂದಳು. ಅವಳ ಮಾತಿನ ವೇಗಕ್ಕೆ ಎಲ್ಲರೂ ಪಟಾಕಿ ಎನ್ನುತ್ತಿದ್ದರು.

“ದೊಡ್ಡಮ್ಮ, ಒಂದು ‘ಒಪ್ಪಿಗೆ’ ಒತ್ತಿಬಿಡಿ. ನಂದೂ ಆಯ್ತು, ಸಾಹೇಬ್ರದ್ದೂ ಆಯ್ತು. ಐದು ಗಂಟೆಗೆ ಗಡುವು.”

“ಯಾರದ್ದೇ?”

“ಅದೇ, ಲಾಂಡ್ರಿ ಚಿತ್ರ ಹಾಕ್ತಾರಲ್ಲ ಆ ಹೆಂಗಸು. ಯಂತ್ರದ ಕೈಲಿ ಮಾಡಿಸಿದ್ದು ಅಂತ ದೂರು. ಪದರದ ಫೈಲ್ ಕೇಳಿದ್ರೆ ಇಲ್ಲ ಅಂತಾರೆ. ಹನ್ನೆರಡನೇ ನಿಯಮ, ಮುಗೀತು.”

ಹನ್ನೆರಡನೇ ನಿಯಮವನ್ನು ಬರೆದವಳು ದೊಡ್ಡಮ್ಮನೇ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಗೆರೆಗೊಂದು, ಬಣ್ಣಕ್ಕೊಂದು, ನೆರಳಿಗೊಂದು ಎಂದು ಗಾಜಿನ ಹಾಳೆ ಜೋಡಿಸಿದ ಹಾಗೆ ಪದರಗಳನ್ನು ಒಂದರ ಮೇಲೊಂದು ಇಡುತ್ತಾರೆ. ತಪ್ಪಿದರೆ ಆ ಪದರವನ್ನಷ್ಟೇ ಕಿತ್ತುಹಾಕಬಹುದು. ಕೇಳಿದ ಚಿತ್ರವನ್ನು ತಾನೇ ತಯಾರಿಸುವ ಎಐ ಯಂತ್ರ ಮಾಡಿಕೊಟ್ಟ ಚಿತ್ರಕ್ಕೆ ಪದರಗಳಿರುವುದಿಲ್ಲ. ಆದ್ದರಿಂದ ಅನುಮಾನ ಬಂದಾಗ ಪದರಗಳ ಫೈಲು ಕೊಡಬೇಕು, ಇಲ್ಲವೇ ಕ್ಯಾಮೆರಾ ಮುಂದೆ ಬರೆದು ತೋರಿಸಬೇಕು, ಎರಡೂ ಆಗದಿದ್ದರೆ ಖಾತೆ ಹೋಗಬೇಕು. ಅದನ್ನು ಬರೆದ ದಿನ ಸಾಹೇಬರು ಎಲ್ಲರೆದುರು ಅವಳನ್ನು ಹೊಗಳಿದ್ದರು.

ದೊಡ್ಡಮ್ಮ ಆ ಹೆಂಗಸಿನ ಉತ್ತರ ತೆರೆದಳು. “ನನ್ನದು ಹಳೆಯ ಟ್ಯಾಬು. ಎರಡನೇ ಪದರ ಹಾಕಿದರೆ ನಿಂತುಹೋಗುತ್ತದೆ. ಮೊದಲಿನಿಂದಲೂ ಒಂದೇ ಪದರದಲ್ಲಿ ಬರೆದಿದ್ದೇನೆ. ಹನ್ನೊಂದು ವರ್ಷದ ಚಿತ್ರಗಳು ನಿಮ್ಮಲ್ಲೇ ಇವೆ, ನನ್ನ ಹತ್ತಿರ ಪ್ರತಿ ಇಲ್ಲ. ಆದರೂ ಕಳ್ಳಿಯ ಹಾಗೆ ಕ್ಯಾಮೆರಾ ಮುಂದೆ ಕೂತು ಬರೆದು ತೋರಿಸುವುದಿಲ್ಲ.”

“ಸೊಕ್ಕು ನೋಡಿ,” ಎಂದಳು ಪಟಾಕಿ.

“ಇರಲಿ ಬಿಡೆ, ಸೊಕ್ಕಿಗೆ ಹನ್ನೊಂದು ವರ್ಷ ದುಡಿದಿದ್ದಾಳೆ.”

ಚಿತ್ರದಲ್ಲಿ ಇಬ್ಬರು ಹೆಂಗಸರು ಒಂದು ದೊಡ್ಡ ಬಿಳಿ ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದರು. ಸುತ್ತ ಹಬೆ. ದೊಡ್ಡಮ್ಮ ಅದನ್ನು ಹಿಗ್ಗಿಸುತ್ತ, ಹಿಗ್ಗಿಸುತ್ತ ಎಡ ಅಂಚಿಗೆ ಬಂದು ನಿಂತಳು. ಗೋಡೆಯ ಕಪ್ಪಿನ ಕೆಳಗೆ, ಬೆರಳಗಲದ ಪಟ್ಟಿಯಲ್ಲಿ ಬಣ್ಣದ ಚುಕ್ಕೆಗಳು. ಹಬೆಯ ಬೂದು ಮೂರು ಸಲ, ಮೂರು ಬಗೆ. ಕೈಯ ಕಂದು ಎರಡು ಸಲ. ಮೇಲೆ ಕಪ್ಪು ಬಳಿದಿದ್ದರೂ ಪೂರ್ತಿ ಮುಚ್ಚಿರಲಿಲ್ಲ.

ಅಪ್ಪನೂ ಹೀಗೆಯೇ, ಚೌಕಟ್ಟಿನ ಪಟ್ಟಿ ಮುಚ್ಚುವ ಜಾಗದಲ್ಲಿ ಕುಂಚ ಆಡಿಸಿ ಬಣ್ಣ ನೋಡುತ್ತಿದ್ದರು. ಬೋರ್ಡಿಗೆಲ್ಲಿಯ ಪದರ? ಬೇರೆ ಹಾಳೆ ಇಲ್ಲದವರು ಬಣ್ಣವನ್ನು ಇನ್ನೆಲ್ಲಿ ಪರೀಕ್ಷಿಸಬೇಕು?

ಇನ್ನೊಂದು ಚಿತ್ರ ತೆರೆದಳು, ಮತ್ತೊಂದು. ಇಪ್ಪತ್ತು ನೋಡಿದಳು. ಇಪ್ಪತ್ತರಲ್ಲೂ ಎಡ ಅಂಚಿನ ಪಟ್ಟಿ.

ಸಾಹೇಬರು ಬಂದು ಅವಳ ಹಿಂದೆ ನಿಂತರು. ಮಗನ ವಯಸ್ಸಿನವರು, ಕೆಟ್ಟವರಲ್ಲ. ಅವಳಿಗೆ ಕಣ್ಣು ಉರಿಯುತ್ತದೆಂದು ಕೇಳದೆಯೇ ದೊಡ್ಡ ಪರದೆ ಹಾಕಿಸಿಕೊಟ್ಟವರು. ತೋರಿಸಿದ್ದನ್ನೆಲ್ಲ ನೋಡಿದರು.

“ಸರಿ ದೊಡ್ಡಮ್ಮ, ಆದ್ರೆ ಇದು ಸಾಕ್ಷಿ ಅಲ್ಲ. ಫೈಲು, ಇಲ್ಲಾಂದ್ರೆ ಕ್ಯಾಮೆರಾ. ನೀವೇ ಬರೆದಿದ್ದು.”

“ಬರೆದೆ. ಬರೆಯುವಾಗ ನಮ್ಮಪ್ಪನ್ನೇ ಮರೆತಿದ್ದೆ.”

“ಇವತ್ತು ಇವರನ್ನ ಬಿಟ್ರೆ ನಾಳೆ ಎಲ್ರೂ ನಮ್ಮ ಟ್ಯಾಬು ಹಳೇದು ಅಂತಾರೆ.”

“ಅನ್ನಲಿ, ಅವರವರ ಅಂಚು ನೋಡೋಣ. ನೋಡೋದಕ್ಕೇ ತಾನೆ ನಮ್ಮನ್ನ ಇಟ್ಕೊಂಡಿರೋದು?”

“ನೀವು ಒತ್ತದಿದ್ರೆ ನಿಮ್ಮನ್ನ ಪರಿಶೀಲಕರ ಪಟ್ಟಿಯಿಂದ ತೆಗೆದು ಬೇರೆಯವರನ್ನ ಹಾಕ್ಬೇಕಾಗತ್ತೆ. ನನ್ನ ಕೈ ಕಟ್ಟಿಹಾಕ್ಬೇಡಿ.”

“ನಿಮ್ಮ ಕೈ ನಿಮ್ಮದು. ನನ್ನ ಕೈ ಅದನ್ನ ಒತ್ತಲ್ಲ.”

ದೊಡ್ಡಮ್ಮ ‘ಒಪ್ಪುವುದಿಲ್ಲ’ ಎಂಬುದನ್ನು ಒತ್ತಿದಳು. ಕೆಳಗೆ ಕಾರಣ ಬರೆಯುವ ಜಾಗವಿತ್ತು, ಅದು ಸದಸ್ಯರೆಲ್ಲರಿಗೂ ಕಾಣುತ್ತದೆ. ಎಲ್ಲರೂ ಅಲ್ಲಿ ‘ನಿಯಮದಂತೆ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಕುಟ್ಟಿದಳು. “ಇವು ಕೈಯಲ್ಲೇ ಬರೆದ ಚಿತ್ರಗಳು. ಎಡ ಅಂಚನ್ನು ಹಿಗ್ಗಿಸಿ ನೋಡಿ. ಪದರವಿಲ್ಲದವರು ಅಲ್ಲಿ ಬಣ್ಣ ಪರೀಕ್ಷಿಸುತ್ತಾರೆ. ಹನ್ನೆರಡನೇ ನಿಯಮ ಬರೆದವಳು ನಾನು. ಅದು ತಪ್ಪು.”

“ಆ ಕಡೇ ಮಾತು ತೆಗೀರಿ,” ಎಂದರು ಸಾಹೇಬರು ಮೆಲ್ಲಗೆ.

“ಅದನ್ನ ಹೇಳೋಕೇ ಉಳಿದದ್ದು ಬರೆದಿದ್ದು.” ಕಳಿಸಿಬಿಟ್ಟಳು.

ಹತ್ತು ನಿಮಿಷದಲ್ಲಿ ಅವಳ ಪರದೆ ಪಾಸ್‌ವರ್ಡ್ ಕೇಳಿತು, ಕೊಟ್ಟರೆ ಒಪ್ಪಲಿಲ್ಲ. ದೊಡ್ಡಮ್ಮ ಚೀಲ ಎತ್ತಿಕೊಂಡು ಹೊರಗಿನ ಬೆಂಚಿಗೆ ಹೋದಳು. ಬಾಗಿಲು ಕಾಯುವವರು ಆಟೋ ಕರೀಲಾ ಎಂದು ಕೇಳಿದರು. ಐದು ಗಂಟೆ ಆಗೋ ತನಕ ಇಲ್ಲಿಂದ ಏಳೋದಿಲ್ಲ ಎಂದಳು. ಅವರು ಫ್ಯಾನನ್ನು ಅವಳ ಕಡೆ ತಿರುಗಿಸಿದರು.

ನಾಲ್ಕೂವರೆಗೆ ಪಟಾಕಿ ಫೋನ್ ಹಿಡಿದುಕೊಂಡು ಓಡಿಬಂದಳು. ದೊಡ್ಡಮ್ಮ ಬರೆದ ಕಾರಣ ಓದಿ ನೂರಾರು ಸದಸ್ಯರು ತಮ್ಮ ತಮ್ಮ ಚಿತ್ರಗಳ ಅಂಚನ್ನಷ್ಟೇ ಕತ್ತರಿಸಿ ಜಾಲತಾಣಕ್ಕೆ ಏರಿಸುತ್ತಿದ್ದರು. ಮೇಲಂಚು, ಕೆಳಗಂಚು, ಕುದುರೆಯ ಗೊರಸಿನ ಕೆಳಗೆ, ಸೋಫಾದ ಹಿಂದೆ. ಎಲ್ಲೆಲ್ಲೂ ಮುಚ್ಚಿಟ್ಟ ಬಣ್ಣದ ಚುಕ್ಕೆಗಳು.

“ನಾನು ನನ್ನ ಒಪ್ಪಿಗೆ ವಾಪಸ್ ತಗೊಂಡೆ ದೊಡ್ಡಮ್ಮ.”

“ಬಯ್ದರಾ?”

“ಬಯ್ಯಲಿ. ನನ್ನ ಬಾಯಿ ಅವರಿಗಿಂತ ಜೋರು.”

ಐದು ದಾಟಿತು. ಸಾಹೇಬರು ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಒಂದು ಗಳಿಗೆ ಹಣೆ ಉಜ್ಜಿಕೊಂಡರು.

“ಆ ಖಾತೆ ಇದೆ. ಒಂದು ಚಿತ್ರವೂ ಹೋಗಿಲ್ಲ. ನಿಯಮ ಸೋಮವಾರ ಚರ್ಚೆಗೆ ಬರತ್ತೆ. ಆದ್ರೆ ನೀವು ಪಟ್ಟಿಯಲ್ಲಿಲ್ಲ. ಅದು ಮೇಲಿನವರ ಮಾತು, ನನ್ನ ಕೈಯಲ್ಲಿಲ್ಲ.”

“ಸೋಮವಾರ ಎಷ್ಟು ಗಂಟೆಗೆ?”

“ನೀವು ಬರೋ ಹಾಗಿಲ್ಲ ದೊಡ್ಡಮ್ಮ.”

“ಪರಿಶೀಲಕಿಯಾಗಿ ತಾನೆ? ನಾನು ಸದಸ್ಯಳೂ ಹೌದು. ಸದಸ್ಯರು ಬಂದು ಕೂರಬಹುದು ಅಂತ ಮೂರನೇ ನಿಯಮ. ಅದನ್ನ ಬರೆದಿದ್ದು ನೀವು.”

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. “ಹತ್ತು ಗಂಟೆಗೆ,” ಎಂದರು. ಎದ್ದು ಎರಡು ಹೆಜ್ಜೆ ಹೋದವರು ತಿರುಗಿ ನೋಡಿದರು. “ಮಧ್ಯಾಹ್ನ ಏನಾದ್ರೂ ತಿಂದ್ರಾ?”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವರು ಒಳಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ತಮ್ಮ ಊಟದ ಡಬ್ಬಿಯಿತ್ತು. ಅವರೂ ಅದನ್ನು ಮುಟ್ಟಿರಲಿಲ್ಲ. ಬಿಗಿಯಾದ ಮುಚ್ಚಳವನ್ನು ತಾವೇ ತಿರುಗಿಸಿ ತೆಗೆದು, ಚಮಚ ಒರೆಸಿ, ಡಬ್ಬಿಯನ್ನು ಅವಳ ಕೈಗಿಟ್ಟರು.