ಗುಜರಿ ಪೆಟ್ಟಿಗೆಯ ಜೋಡಿ

ಸೆಲ್ವಿನ್ ತನ್ನ ನೀಲಿ ಮಗ್ಗಿನಲ್ಲಿ ಹೊಸಬಳಾದ ಬ್ರಯನಿಗೆ ಚಹಾ ಕೊಟ್ಟದ್ದನ್ನು ದಿನಚರಿಯಲ್ಲಿ ಬರೆಯಬೇಕೋ ಬೇಡವೋ ಎಂದು ಹೆಸ್ಟರ್ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಬರೆದರೆ ತಾನು ಇಷ್ಟಕ್ಕೇ ಕರುಬುವವಳೆಂದು ಒಪ್ಪಿಕೊಂಡ ಹಾಗೆ. ಬರೆಯದಿದ್ದರೆ ಅದು ಒಳಗೇ ಕೂತು ಕೊರೆಯುತ್ತದೆ. ಕೊನೆಗೆ ಪುಟದ ಅಂಚಿನಲ್ಲಿ, ತನಗೇ ಓದಲು ಕಷ್ಟವಾಗುವಷ್ಟು ಸಣ್ಣ ಅಕ್ಷರದಲ್ಲಿ ಬರೆದಳು: 'ಪದವಿ ಮುಗಿಸಿದವಳು, ಇಪ್ಪತ್ನಾಲ್ಕು ವರ್ಷದವಳು, ಯಾರಿಗೆ ಯಾವ ಮಗ್ ಸಿಕ್ಕಿತು ಎಂದು ಲೆಕ್ಕ ಇಡುತ್ತಿದ್ದೇನೆ. ಇದು ಕಾಯಿಲೆಯೇ?'

ಟಾಡ್‌ಮರ್ಡನ್ ಊರಿನ ಕಾಲುವೆ ದಂಡೆಯ ಹಳೆಯ ಬಟ್ಟೆ ಗಿರಣಿಯ ನೆಲಮಾಳಿಗೆಯಲ್ಲಿ ಸೆಲ್ವಿನ್ ಉಟ್ಲಿಯ ಗ್ಯಾರೇಜು. ನಲವತ್ತು ವರ್ಷ ನೇಯುವ ಮಗ್ಗಗಳನ್ನು ರಿಪೇರಿ ಮಾಡಿದ ಮುದುಕ, ಗಿರಣಿ ಮುಚ್ಚಿದ ಮೇಲೂ ಆ ಕಟ್ಟಡವನ್ನು ಬಿಟ್ಟುಹೋಗಲಾರದೆ ಅದರ ಕೆಳಗೇ ಸೇರಿಕೊಂಡಿದ್ದ. ಶನಿವಾರ ಬೆಳಗ್ಗೆ ಊರಿನ ನಾಲ್ಕೈದು ಮಾರಿಸ್ ಮೈನರ್ ಕಾರುಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. ಹೆಸ್ಟರಳ ಬೂದು ಮಾರಿಸ್ ಕೂಡ ಅವುಗಳಲ್ಲೊಂದು. ಆ ಕಾರಿನ ಉತ್ಪಾದನೆ ನಿಂತು ಅರ್ಧ ಶತಮಾನವೇ ಕಳೆದಿದೆ. ಹಾಗಾಗಿ ಅದನ್ನು ಓಡಿಸುವುದೆಂದರೆ ಅರ್ಧ ಪೆಟ್ರೋಲು, ಇನ್ನರ್ಧ ಯಾರನ್ನು ಕೇಳಬೇಕೆಂಬ ತಿಳಿವಳಿಕೆ. ಬಿಡಿಭಾಗಗಳೇನೋ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಮಿರಮಿರ ಮಿಂಚುತ್ತಾ ಬರುತ್ತವೆ. ಆದರೆ ಮೊದಲ ಚಳಿಗಾಲಕ್ಕೇ ಅವುಗಳ ಬಣ್ಣ ಬಯಲಾಗುತ್ತದೆ. ನಿಜವಾದ ಮಾಲು ಇರುವುದು ಮನುಷ್ಯರ ಹತ್ತಿರ. ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಎರಕ ಹೊಯ್ಯುವ ಅಜ್ಜಿಯೊಬ್ಬಳು ಮಂಗಳವಾರ ಮಾತ್ರ ಫೋನ್ ಎತ್ತುತ್ತಾಳೆ. ಹಿತ್ತಾಳೆಯ ಕೆಲಸದವನೊಬ್ಬ ಗುರುತಿನವರ ಹೆಸರು ಹೇಳದ ಹೊರತು ಬಾಗಿಲೇ ತೆರೆಯುವುದಿಲ್ಲ.

ಫೋನಿನಲ್ಲಿ ಅಪರಿಚಿತರ ದನಿ ಕೇಳಿದರೆ ಹೆಸ್ಟರ್‌ಗೆ ಗಂಟಲು ಒಣಗುತ್ತದೆ. ಅದಕ್ಕೇ ಅವಳು ಕಾಗದ ಬರೆದಳು. ಎರಡು ವರ್ಷ, ಸಿಕ್ಕಸಿಕ್ಕ ವಿಳಾಸಕ್ಕೆಲ್ಲ. ಹತ್ತೊಂಬತ್ತು ಜನ ಉತ್ತರಿಸಿದರು. ಯಾರ ಕೆಲಸ ಗಟ್ಟಿ, ಯಾರದು ಬರೀ ಬಾಯಿಮಾತು ಎನ್ನುವುದೆಲ್ಲ ಅವಳ ದಿನಚರಿಯ ಕೊನೆಯ ಪುಟಗಳಲ್ಲಿತ್ತು. ಯಾರಿಗೆ ಏನು ಬೇಕಾದರೂ ಸೆಲ್ವಿನ್, "ನಮ್ಮ ಅಂಚೆ ಕಚೇರೀನ ಕೇಳಿ" ಎಂದು ಅವಳತ್ತ ಗದ್ದ ಎತ್ತುತ್ತಿದ್ದ. ದಾಖಲೆಗಳ ಕಚೇರಿಯಲ್ಲಿ ಐದು ದಿನ ಯಾರ ಕಣ್ಣಿಗೂ ಬೀಳದೆ ದುಡಿಯುವವಳಿಗೆ ವಾರಕ್ಕೊಮ್ಮೆ ಆ ಗದ್ದ ತನ್ನತ್ತ ಏಳುವುದು ಎಷ್ಟು ದೊಡ್ಡದೆಂದು ಸೆಲ್ವಿನ್‌ಗೆ ಗೊತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಬ್ರಯನಿ ಬಂದಳು. ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಬಾಣಂತಿಯರನ್ನು, ಹಸುಗೂಸುಗಳನ್ನು ನೋಡಿಬರುವ ನರ್ಸ್. ಅವಳದು ಹಿಂಬದಿಗೆ ಮರದ ಚೌಕಟ್ಟಿರುವ ಹಸಿರು ಮಾರಿಸ್. ಅವಳ ನಗು ಗಿರಣಿಯ ಮೂರೂ ಮಹಡಿಗೆ ಕೇಳಿಸುತ್ತಿತ್ತು.

"ಸೆಲ್ವಿನ್, ನಿಮ್ಮ ರಬ್ಬರ್ ಅಜ್ಜಿ ಎಷ್ಟು ಒಳ್ಳೇವ್ರು!" ಎಂದಳು ಒಂದು ಶನಿವಾರ. "ಮಂಗಳವಾರ ಅಲ್ಲ ಗಿಂಗಳವಾರ ಅಲ್ಲ, ನಿನ್ನೆ ಸುಮ್ನೆ ಫೋನ್ ಮಾಡ್ದೆ. ಅವರ ಮಂಡಿ ಆಪರೇಷನ್ ಕತೆ ಪೂರ್ತಿ ಕೇಳಿದ್ದಾಯ್ತು. ನಾಳಿದ್ದೇ ಕಳಿಸ್ತಾರಂತೆ."

ಅದೇ ರಬ್ಬರಿಗೆ ಹೆಸ್ಟರ್ ಎರಡು ಕಾಗದ ಬರೆದು ಏಳು ವಾರ ಕಾದಿದ್ದಳು.

"ನೋಡಿದ್ಯಾ ಹೆಸ್ಟರ್," ಸೆಲ್ವಿನ್ ನಗುತ್ತಾ ಅಂದ, "ಇವಳ ಬಾಯಿ ಮುಂದೆ ನಿನ್ನ ಅಂಚೆ ಇಲಾಖೆ ಬಾಗಿಲು ಹಾಕ್ಬೇಕಾಗತ್ತೆ."

ತಮಾಷೆಗೆ ಅಂದದ್ದು. ಹೆಸ್ಟರ್ ನಕ್ಕಳು ಕೂಡ. ಮನೆಗೆ ಹೋಗಿ ದಿನಚರಿಯಲ್ಲಿ ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡಳು. ಹುಳಿ ತೇಗು ಬಂದಂತೆ ವಾರವಿಡೀ ಅದು ಮತ್ತೆ ಮತ್ತೆ ಬಂತು.

ಮೇ ತಿಂಗಳ ಎರಡನೇ ಶನಿವಾರ ಬ್ರಯನಿ ತನ್ನ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿದಳು. ರಸ್ತೆಯ ಹೊಡೆತ ತಿಂದು ಕಾರನ್ನು ನೆಟ್ಟಗೆ ಕೂರಿಸುವ ಎರಡು ಕಬ್ಬಿಣದ ಗಡ್ಡೆಗಳು. ಹೊಸ ಜೋಡಿಯನ್ನು ಅವಳು ಕಂಪ್ಯೂಟರಿನಲ್ಲಿ ತರಿಸಿದ್ದಳು. ಸೆಲ್ವಿನ್ ಆಚೆ ಮೂಲೆಯಲ್ಲಿ ಬೇರೆ ಕಾರಿನ ಕೆಳಗೆ ಮಲಗಿದ್ದ. ಬ್ರಯನಿ ಹಳೆಯ ಜೋಡಿಯನ್ನು ಹೊತ್ತು ತಂದು ಬಾಗಿಲ ಬಳಿಯ ಗುಜರಿ ಪೆಟ್ಟಿಗೆಗೆ ಧೊಪ್ಪೆಂದು ಹಾಕಿದಳು. ಸೋಮವಾರ ಗುಜರಿ ಲಾರಿ ಬರುವುದಿತ್ತು.

"ಪೀಡೆ ತೊಲಗ್ತು. ಏನ್ ಭಾರ ಮಾರಾಯ್ತಿ! ಹೆಸ್ಟರ್, ಇದರಿಂದ ಇನ್ನೇನೂ ಉಪಯೋಗ ಇಲ್ಲ ತಾನೆ?"

ಹೆಸ್ಟರ್ ಬಗ್ಗಿ ನೋಡಿದಳು. ಮೇಲೆ ಒಂದಂಗುಲ ಕೆಸರು, ಗ್ರೀಸು. ಆದರೆ ಮುಚ್ಚಳದ ತಿರುಪುಗಳ ತಲೆಗಳು ಹೊಸದರಂತೆ ಸವೆಯದೆ ಇದ್ದವು. ಕಾರ್ಖಾನೆಯಿಂದ ಹೊರಟ ದಿನದಿಂದ ಅವನ್ನು ಯಾರೂ ಬಿಚ್ಚಿರಲಿಲ್ಲ. ಐದು ತಿಂಗಳಿಂದ ಅವಳು ಹುಡುಕುತ್ತಿದ್ದದ್ದು ಇಂಥದೇ ಜೋಡಿಯನ್ನು. ಅವಳ ಬೂದು ಮಾರಿಸ್ ಅದಿಲ್ಲದೆ ಚಳಿಗಾಲದಿಂದ ಇಟ್ಟಿಗೆಗಳ ಮೇಲೆ ನಿಂತಿತ್ತು. ಕೀತ್ಲಿಯ ಎರ್ನೆಸ್ಟ್ ಬಿನ್ಸ್ ಇದನ್ನು ಸರಿಮಾಡುವುದರಲ್ಲಿ ಎತ್ತಿದ ಕೈ. ಆದರೆ ಅವಳು ಕಳಿಸಿದ್ದ ತನ್ನ ಕಾರಿನ ಹಳೆಯ ಜೋಡಿಯನ್ನು ಅವರು ಒಂದು ಚೀಟಿ ಇಟ್ಟು ವಾಪಸು ಮಾಡಿದ್ದರು: 'ನಿಮಗಿಂತ ಮೊದಲು ಯಾರೋ ಇದರ ಹೊಟ್ಟೆ ಕೊರೆದು ಬೆಸುಗೆ ತುಂಬಿದ್ದಾರೆ. ಯಾರೂ ಮುಟ್ಟದ ಜೋಡಿ ಹುಡುಕಿ ತನ್ನಿ. ನೀವಿರುವ ತನಕ ಬಾಳುವಂತೆ ಮಾಡಿಕೊಡುತ್ತೇನೆ.'

ಹೊಸದು ಸಾವಿರ ಮೈಲಿ ಓಡುವ ತನಕ ಹಳೆಯದನ್ನು ಎಸೆಯಬಾರದು. ಸೆಲ್ವಿನ್ ತನಗೆ ಮೊದಲ ದಿನವೇ ಕಲಿಸಿದ ಪಾಠ. ಬ್ರಯನಿಗೆ ಅದನ್ನು ಹೇಳಲು ಒಂದು ಉಸಿರು ಸಾಕಿತ್ತು.

ಹೆಸ್ಟರ್ ಭುಜ ಕುಣಿಸಿದಳು. ಮಾತಾಡದ ಹುಡುಗಿಯ ಭುಜದ ಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಎಲ್ಲರೂ ಮಧ್ಯಾಹ್ನದ ತಿಂಡಿಗೆ ಪೈ ತರಲು ಪೇಟೆಗೆ ಹೋದಾಗ ಅವಳು ಎರಡನ್ನೂ ಎತ್ತಿ, ತನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ, ಬೆನ್ನುಚೀಲಕ್ಕೆ ಹಾಕಿಕೊಂಡಳು. ಆ ದಿನ ಬರೆದದ್ದು ಇಷ್ಟೇ: 'ಗುಜರಿಗೆ ಹೋಗುವುದನ್ನು ಉಳಿಸಿದೆ.' ಬರೆದದ್ದರಲ್ಲಿ ಒಂದು ಪದವೂ ಸುಳ್ಳಲ್ಲ. ಆದರೂ ಪುಟ ತಿರುವಿದ ಮೇಲೆ ಅವಳಿಗೆ ಅದನ್ನು ಮತ್ತೆ ತೆರೆದು ನೋಡಲಾಗಲಿಲ್ಲ.

ಮುಂದಿನ ವಾರ ರಜೆ ಹಾಕಿ, ಬಸ್ಸಿನಲ್ಲಿ ಆ ಭಾರ ಹೊತ್ತು ಕೀತ್ಲಿಗೆ ಹೋದಳು. ಬಿನ್ಸ್ ಕನ್ನಡಕವನ್ನು ಹಣೆಗೇರಿಸಿ, ತಿರುಪುಗಳ ಮೇಲೆ ಉಗುರು ಓಡಿಸಿ, ಕೂತಲ್ಲೇ ಕೂತುಬಿಟ್ಟರು.

"ಇದನ್ನ ಯಾರೂ ಮುಟ್ಟೇ ಇಲ್ವಲ್ಲ! ಎಲ್ಲಿ ಸಿಕ್ತು ನಿಂಗೆ?"

"ಒಂದು ಕಡೆ ಸಿಕ್ತು, ಮಿಸ್ಟರ್ ಬಿನ್ಸ್."

"ಜಾಣೆ, ಸಿಕ್ಕ ಜಾಗದ ಗುಟ್ಟು ಬಿಟ್ಕೊಡಲ್ಲ. ಬಿಟ್ಕೊಡ್ಲೂಬಾರ್ದು." ಅವರು ಬಲಗೈ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. "ಜೂನ್ ಕೊನೆಗೆ ಬಾಗಿಲು ಹಾಕ್ತೀನಮ್ಮ. ನಿಂದೇ ಕೊನೇ ಕೆಲಸ. ಕೊನೇದು ಇಂಥದ್ದೇ ಸಿಕ್ತಲ್ಲ, ಅದೇ ಖುಷಿ."

ಮೂರು ವಾರಕ್ಕೆ ಬ್ರಯನಿಯ ಹೊಸ ಜೋಡಿ ಎಣ್ಣೆ ಕಾರತೊಡಗಿತು. ಕಾರು ಗ್ಯಾರೇಜಿನೊಳಗೆ ಬಂದು ನಿಂತ ಮೇಲೂ ಮೂತಿ ಮೇಲೆ ಕೆಳಗೆ ತೂಗುತ್ತಿತ್ತು.

"ಹಳೇದನ್ನ ತಗೊಂಡ್ಬಾ," ಸೆಲ್ವಿನ್ ಹೇಳಿದ. "ಬಿನ್ಸ್ ಹತ್ರ ಕಳ್ಸೋಣ."

"ಅಯ್ಯೋ, ಅದನ್ನ ಅವತ್ತೇ ಎಸೆದೆನಲ್ಲ."

ಸೆಲ್ವಿನ್ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಎಸೆದ್ಯಾ? ಹೆಸ್ಟರ್, ಅವತ್ತು ನೀನು ಇಲ್ಲೇ ಇದ್ಯಲ್ಲೇ?"

"ಇದ್ದೆ." ಹೆಸ್ಟರ್ ನೆಲ ನೋಡಿದಳು. "ನಾನು ಗಮನಿಸ್ಲಿಲ್ಲ."

"ಅವಳನ್ಯಾಕೆ ಕೇಳ್ತೀರಾ? ಬುದ್ಧಿ ಇಲ್ದೇ ಇರೋದು ನಂಗೆ," ಎಂದಳು ಬ್ರಯನಿ. ಮೊದಲ ಬಾರಿಗೆ ಅವಳ ದನಿ ಸಣ್ಣದಾಗಿತ್ತು. "ಸೋಮವಾರ ಮೂರು ಮನೆ ಇದೆ ನಂಗೆ, ಗುಡ್ಡದ ಮೇಲೆ. ಒಂದು ಮಗು ಹುಟ್ಟಿ ಆರು ದಿನ ಆಗಿದೆ ಅಷ್ಟೇ."

"ಈ ಕಾರಲ್ಲಿ ಗುಡ್ಡ ಹತ್ತೋ ಹಾಗಿಲ್ಲ. ಬಿನ್ಸ್ ಹತ್ರ ಅಟ್ಟದ ಮೇಲೆ ಯಾವ್ದಾದ್ರೂ ಜೋಡಿ ಇದ್ರೂ ಇರ್ಬಹುದು. ನನ್ನ ವ್ಯಾನ್ ತಗೊಂಡು ಇಬ್ರೂ ಈಗ್ಲೇ ಹೊರಡಿ. ಹೆಸ್ಟರ್ ಅಂದ್ರೆ ಅವನಿಗೆ ಬಹಳ ಮರ್ಯಾದೆ."

ಇಲ್ಲ ಎನ್ನಲು ಹೆಸ್ಟರ್‌ಗೆ ಕಾರಣ ಸಿಗಲಿಲ್ಲ. ಕೀತ್ಲಿಯ ದಾರಿಯ ಆಕ್ಸನ್‌ಹೋಪ್ ಗುಡ್ಡ ಏರುವಾಗ ಅವಳ ತಲೆಯಲ್ಲಿ ಇದ್ದದ್ದು ಒಂದೇ. ಬಿನ್ಸ್‌ರ ಬಾಗಿಲಿಗೆ ಎದುರಾಗಿ ಒಂದು ಕಪಾಟು ಇದೆ. ಅದರಲ್ಲಿ ತನ್ನ ಹೆಸರಿನ ಚೀಟಿ ಕಟ್ಟಿದ ಜೋಡಿ ಇದೆ.

"ನಾನು ಬಂದ್ರೆ ನಿಂಗೆ ಇಷ್ಟ ಆಗಲ್ಲ ಅಲ್ವಾ?" ಬ್ರಯನಿ ರಸ್ತೆ ನೋಡುತ್ತಲೇ ಕೇಳಿದಳು. "ನಾನು ವಟವಟ ಅಂತೀನಿ, ಗೊತ್ತು. ನಮ್ಮಮ್ಮನೂ ಹೇಳ್ತಾಳೆ, ನಿನ್ನ ಆಫ್ ಮಾಡೋ ಗುಂಡಿ ಎಲ್ಲಿದೆ ಅಂತ."

"ಹಾಗೇನಿಲ್ಲ," ಎಂದಳು ಹೆಸ್ಟರ್. ಕಿಟಕಿಯಾಚೆ ಕುರಿಗಳು ಗಾಳಿಗೆ ಬೆನ್ನುಹಾಕಿ ನಿಂತಿದ್ದವು.

ಬಿನ್ಸ್ ಬಾಗಿಲು ತೆರೆದು, "ಓ, ಕಾಗದದ ಹುಡುಗಿ!" ಎಂದು ಮೊದಲು ಹೆಸ್ಟರಳ ಕೈ ಹಿಡಿದರು. ಆ ಮರ್ಯಾದೆ ಐದು ನಿಮಿಷ ಬಾಳಿತು. ಅಷ್ಟರಲ್ಲಿ ಬ್ರಯನಿ ಅವರ ನಡುಗುವ ಬೆರಳುಗಳನ್ನು ನೋಡಿ, ಕುರ್ಚಿ ಎಳೆದುಕೊಂಡು ಕೂತು, ಮಣಿಕಟ್ಟನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು.

"ಡಾಕ್ಟ್ರಿಗೆ ತೋರ್ಸಿದ್ರಾ?"

"ಅವನಿಗೆ ತೋರ್ಸಿದ್ರೆ ಅವನ ಕೈಯೂ ನಡುಗತ್ತೆ ತಾಯಿ!"

ಇಬ್ಬರೂ ನಕ್ಕರು. ಹೆಸ್ಟರ್ ಬಾಗಿಲ ಬಳಿಯೇ ನಿಂತಿದ್ದಳು. ಈ ಮನುಷ್ಯನ ಒಂದು ಉತ್ತರಕ್ಕಾಗಿ ತಾನು ನಾಲ್ಕು ಕರಡು ಬರೆದು ಹರಿದಿದ್ದಳು. ಇವಳಿಗೆ ಬರೀ ಐದು ನಿಮಿಷ. ಕಳ್ಳಿಯ ಜಾಗದಲ್ಲಿ ನಿಂತುಕೊಂಡೂ ತನಗೆ ಹೀಗೆ ಹೊಟ್ಟೆ ಉರಿಯುತ್ತದಲ್ಲ ಎಂದು ಅವಳಿಗೇ ಹೇಸಿಗೆಯಾಯಿತು. ಆದರೂ ಉರಿ ಆರಲಿಲ್ಲ.

ಬ್ರಯನಿ ಬಂದ ಕಾರಣ ಹೇಳಿದಾಗ ಬಿನ್ಸ್ ಇಲ್ಲವೆಂದು ತಲೆಯಾಡಿಸಿದರು. "ಅಟ್ಟ ಖಾಲಿ ಆಗಿ ವರ್ಷ ಆಯ್ತು. ನಿಂದೇ ಹಳೇದು ತಂದಿದ್ರೆ ಈ ಕೈಯಲ್ಲೇ ಹೇಗೋ ಮಾಡ್ಕೊಡ್ತಿದ್ದೆ. ಎಂಥದ್ದನ್ನ ಎಸೆದೆ ಅಂತ ಗೊತ್ತಾ ನಿಂಗೆ? ತೋರಿಸ್ತೀನಿ ಇರು."

ಅವರು ಎದ್ದು ಕಪಾಟಿನಿಂದ ಜೋಡಿಯನ್ನು ತೆಗೆದು ಬ್ರಯನಿಯ ಮಡಿಲಲ್ಲಿಟ್ಟರು. ಚೀಟಿಯಲ್ಲಿ ಹೆಸ್ಟರಳ ಹೆಸರು. ಕೆಸರೆಲ್ಲ ಹೋಗಿ, ಒಳಗಿನ ಬೂದು ಲೋಹ ಹಿತವಾಗಿ ಹೊಳೆಯುತ್ತಿತ್ತು. ಬ್ರಯನಿ ಅದನ್ನು ತಿರುಗಿಸಿ ನೋಡಿದಳು. ಅದರ ಪಕ್ಕಕ್ಕಿದ್ದ ಕಬ್ಬಿಣದ ತೋಳನ್ನು ಮೆಲ್ಲನೆ ಎತ್ತಿ ಬಿಟ್ಟಳು. ಅದು ಒಂದಿಷ್ಟೂ ಸದ್ದು ಮಾಡದೆ ನಿಧಾನವಾಗಿ ಕೆಳಗಿಳಿಯಿತು.

ಬ್ರಯನಿಯ ಮುಖದಲ್ಲಿ ಬರೀ ಬೆರಗು ಇತ್ತು. ಅವಳಿಗೆ ಗುರುತು ಸಿಕ್ಕಿರಲಿಲ್ಲ. ಇನ್ನು ಸಿಗುವುದೂ ಇಲ್ಲ. ಕೆಸರಿನ ಗಡ್ಡೆ ಎಂದು ಎಸೆದವಳಿಗೆ ಇದು ತನ್ನದೆಂದು ಎಲ್ಲಿಂದ ಹೊಳೆಯಬೇಕು?

"ಎಷ್ಟು ಚೆನ್ನಾಗಿದೆ," ಎಂದಳು ಬ್ರಯನಿ. "ಅದೃಷ್ಟವಂತೆ ಕಣೇ ನೀನು."

"ಅದೃಷ್ಟ ಅಲ್ಲ," ಬಿನ್ಸ್ ಬೆರಳೆತ್ತಿದರು. "ಐದು ತಿಂಗಳು ಹುಡುಕಿದಾಳೆ ಈ ಹುಡುಗಿ. ತಾಳ್ಮೆ ಅಂದ್ರೆ ಅದು. ಇಂಥವರು ಹತ್ತು ಜನ ಇದ್ದಿದ್ರೆ ನಮ್ಮ ಕೆಲಸ ಇನ್ನೂ ಐವತ್ತು ವರ್ಷ ಬದುಕ್ತಿತ್ತು. ನೀನು ಇವಳ ಹತ್ರ ಕಲೀಬೇಕಮ್ಮ."

"ನಿಜ," ಬ್ರಯನಿ ಒಪ್ಪಿಕೊಂಡಳು. ಕುಹಕದ ಸುಳಿವೂ ಇರಲಿಲ್ಲ. "ಸೆಲ್ವಿನ್ನೂ ಅದನ್ನೇ ಹೇಳ್ತಿರ್ತಾರೆ." ಜೋಡಿಯನ್ನು ಎರಡೂ ಕೈಯಲ್ಲಿ, ಮಗುವನ್ನು ತೂಕದ ತಕ್ಕಡಿಯಿಂದ ಎತ್ತಿಕೊಡುವಂತೆ, ಹೆಸ್ಟರ್ ಕಡೆಗೆ ಚಾಚಿದಳು. "ತಗೋ. ನಾನು ಬೀಳಿಸಿಬಿಟ್ರೆ ಕಷ್ಟ."

ಮಾರ್ಚ್‌ನಿಂದ ಹೆಸ್ಟರ್ ಕೇಳಲು ಹಂಬಲಿಸಿದ್ದ ಮಾತುಗಳೆಲ್ಲ ಒಂದೇ ಸಲ, ಇಬ್ಬರ ಬಾಯಿಂದ, ಬಂದಿದ್ದವು. ಅವುಗಳಲ್ಲಿ ಒಂದೂ ತನಗೆ ಸಲ್ಲುವುದಲ್ಲ ಎನ್ನುವುದು ಈ ಕೋಣೆಯಲ್ಲಿ ತನಗೊಬ್ಬಳಿಗೇ ಗೊತ್ತು. ಇದನ್ನು ದಿನಚರಿಯಲ್ಲಿ ಯಾವ ಅಂಚಿನಲ್ಲಿ, ಎಷ್ಟು ಸಣ್ಣಗೆ ಬರೆದರೂ ಸಾಲದು ಎಂದು ಅವಳಿಗೆ ಅನ್ನಿಸಿತು. ಅವಳು ಕೈ ಚಾಚಲಿಲ್ಲ.

"ಅದು ನಿಂದು, ಬ್ರಯನಿ. ನೀನು ಎಸೀವಾಗ್ಲೇ ಅದು ಒಳ್ಳೇ ಜೋಡಿ ಅಂತ ನಂಗೆ ಗೊತ್ತಿತ್ತು. ನಿನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ, ಅದಕ್ಕೇ ಹೇಳ್ಲಿಲ್ಲ."