ರಾಟ್‌ವೀಲರ್ ಒಳಗೆ ಬಂದದ್ದು

ನನ್ನ ಗಂಡ ಶ್ರವಣ್ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಮರುದಿನ ಬೊಜ್ಜ, ಅವನ ಉತ್ತರಕ್ರಿಯೆ. ಊಟಕ್ಕೆ ನೆರಿಯದಿಂದ ಬರುವ ನೆಂಟರು ಹಿಂದಿರುಗುವಾಗ ಅವನ ನಾಯಿಯನ್ನೂ ಜೀಪಿನಲ್ಲಿ ಕೊಂಡುಹೋಗಲಿ ಎಂದು ದೊಡ್ಡಮಾವ ಮುಂಡಪ್ಪನವರು ನಿಶ್ಚಯಿಸಿದರು.

"ನೀವು ಇಬ್ಬರು ಹೆಂಗಸರು. ಅದು ಐವತ್ತು ಕಿಲೋ ಉಂಟು. ಯಾಕೆ ಉಸಾಬರಿ? ಅವರ ರಬ್ಬರ್ ತೋಟಕ್ಕೆ ಆನೆ ಬರ್ತದೆ, ಅಲ್ಲಿ ಇರಲಿ."

"ಆನೆಗೆ ಇದು ಸಾಕಾ?" ಎಂದರು ಅತ್ತೆ.

ಕಳಿಸಲು ನನಗೆ ಮನಸ್ಸಿರಲಿಲ್ಲ. ಯಾಕೆಂದು ಕೇಳಿದರೆ ಹೇಳಲು ಕಾರಣವಿರಲಿಲ್ಲ. ಯಾರೂ ಕೇಳಲಿಲ್ಲ.

ಮೆಲ್ಕಾರಿನ ಈ ಮನೆಗೆ ಮರಿ ತಂದಾಗ ಶ್ರವಣ್ ಅದಕ್ಕೆ ಬೇರೆ ಹೆಸರಿಡಲಿಲ್ಲ. ರಾಟ್‌ವೀಲರ್ ಎಂದರೆ ಸಾಕು ಎಂದ. ಜರ್ಮನಿಯ ರಾಟ್‌ವೀಲ್ ಪೇಟೆಯಲ್ಲಿ ಮಾಂಸದ ಗಾಡಿ ಎಳೆಯುತ್ತಿದ್ದ ತಳಿ, ಪೇಟೆಯ ಹೆಸರೇ ನಾಯಿಗೆ ಬಂತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

"ಹಾಗಾದ್ರೆ ನಿನ್ನನ್ನು ಮೆಲ್ಕಾರ್ ಅಂತ ಕರೆಯುವ ಮಾರಾಯ" ಎಂದಿದ್ದರು ದೊಡ್ಡಮಾವ.

ಬೊಜ್ಜದ ಸಂಜೆ ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವ ಕ್ರಮವಿದೆ. ಒಳಕೋಣೆಯಲ್ಲಿ ದೀಪವಿಟ್ಟು ಅವನಿಗೆ ಎಲೆ ಹಾಕಿದೆವು. ಕೋಳಿ ಸಾರು, ರೊಟ್ಟಿ, ಹುರಿದ ಬಂಗುಡೆ ಮೀನು. ಬಾಗಿಲು ತೆರೆದಿತ್ತು. ನಾಯಿಯನ್ನು ಅಂಗಳದಲ್ಲಿ, ಬಾಡಿಗೆ ಕುರ್ಚಿಗಳ ಅಟ್ಟಿಗೆ ಉದ್ದದ ಸರಪಳಿಯಲ್ಲಿ ಕಟ್ಟಿದ್ದರು.

ದೊಡ್ಡಮಾವ ಹೊಸ್ತಿಲ ಬಳಿ ನಿಂತು, ಬಾ ಎಂದು ತುಳುವಿನಲ್ಲಿ ಕರೆದರು. "ಶ್ರವಣಾ, ಬಲ."

ಮೂರನೆಯ ಕರೆಗೆ ನಾಯಿ ಬಂತು. ಕುರ್ಚಿಗಳೂ ಬಂದವು. ಅವು ಬಾಗಿಲಲ್ಲಿ ಸಿಕ್ಕಿಕೊಂಡವು, ನಾಯಿ ಎಲೆಯವರೆಗೆ ಹೋಯಿತು. ಅದು ತನ್ನ ಹೆಸರಿಗೆ ಎಂದೂ ತಿರುಗಿದ್ದಿಲ್ಲ. ಅತ್ತೆ ಶ್ರವಣನನ್ನು ಊಟಕ್ಕೆ ಕರೆದಾಗ ಮಾತ್ರ ಬರುತ್ತಿತ್ತು, ಅವನ ತಟ್ಟೆಯಲ್ಲಿ ಪಾಲು ಸಿಗುತ್ತಿತ್ತು. ಮೊದಲು ಬಂಗುಡೆ ತಿಂದಿತು.

ದೊಡ್ಡಮಾವ ಕೋಲು ಹುಡುಕಿದರು.

"ಮುಟ್ಟಬೇಡಿ ಭಾವ" ಎಂದರು ಅತ್ತೆ.

"ಅದು ನಾಯಿ, ರಾಜೀವಿ."

"ನನಗೆ ಕಣ್ಣು ಕಾಣ್ತದೆ. ನೀವು ಕರೆದಿರಿ, ಬಂತು. ಕರೆದು ಒಳಗೆ ಬಂದದ್ದನ್ನು ಜೀಪಿಗೆ ಹತ್ತಿಸುವ ಕ್ರಮ ಉಂಟಾ?"

ದೊಡ್ಡಮಾವ ಈ ಕಡೆಯ ಎಲ್ಲ ಕ್ರಮಗಳನ್ನೂ ಬಲ್ಲವರು. ಕೋಲು ಹುಡುಕುವುದನ್ನು ಬಿಟ್ಟರು.

"ಇಲ್ಲ" ಎಂದರು. ನೆರಿಯದವರತ್ತ ತಿರುಗಿ, "ನೀವು ಊಟ ಮಾಡಿ ಹೊರಡಿ" ಎಂದರು.

ಅವರು ಸಂತೋಷದಿಂದಲೇ ಒಪ್ಪಿದಂತೆ ಕಂಡಿತು.

"ಅವನನ್ನು ಇನ್ನೊಮ್ಮೆ ಕರೆಯಬೇಕು" ಎಂದರು ಅತ್ತೆ. "ಅವನದ್ದು ಊಟ ಆಗಲಿಲ್ಲ."

ನಾನು ಇನ್ನೊಂದು ಎಲೆ ಹಾಕಿದೆ. ಬಂಗುಡೆ ಒಂದೇ ಉಳಿದಿತ್ತು, ಬಡಿಸಿದೆ. ಕುರ್ಚಿಗಳನ್ನು ಬಿಡಿಸಿ, ನಾಯಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಸರಪಳಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನೆಲದಲ್ಲಿ ಕುಳಿತೆ.

ದೊಡ್ಡಮಾವ ಕರೆಯತೊಡಗಿದರು. ಒಂದೊಂದು ಕರೆಗೂ ಅದು ಏಳುತ್ತಿತ್ತು. ನಾನು ಹಿಡಿದುಕೊಂಡೇ ಇದ್ದೆ.