ಉಪ್ಪಿಗೆ ನೀಲಿಯಾಗದ ಬಂಗಾರ

ಕೆಂಡಮ್ಮ ಅನ್ನುವುದು ಅವಳ ಹೆಸರಲ್ಲ. ಕೋಪ ಸದಾ ಮೂಗಿನ ತುದಿಯಲ್ಲೇ ಕೂತಿರುತ್ತಿದ್ದರಿಂದ ಚಿಕ್ಕಂದಿನಲ್ಲಿ ಅಣ್ಣ ಕಟ್ಟಿದ ಅಡ್ಡಹೆಸರು ಅದು. ಕೊನೆಗೆ ಹೆತ್ತ ತಾಯಿಯೂ ಹಾಗೇ ಕರೆಯತೊಡಗಿದ್ದಳು. ಆ ಅಣ್ಣನೇ ಈ ಬೆಳಿಗ್ಗೆ ಮನೆಯ ಕೆಳಗಿನ ಕಾರ್ಖಾನೆಯಲ್ಲಿ ನಿಂತು, ಹಾಡು ಗುನುಗುತ್ತಾ, ವ್ಯಾನಿಗೆ ಡಬ್ಬ ತುಂಬಿಸುತ್ತಿದ್ದ. ಅವಳು ಮಹಡಿಯ ಮೆಟ್ಟಿಲ ಮೇಲೆ ಫೋನು ಹಿಡಿದು ನಿಂತಿದ್ದಳು. ಆ ಕಡೆ ಇದ್ದವನು ಅವಳ ಗಂಡ, ದೂರದ ಗಣಿ ಕೂಲಿಗಳ ಶಿಬಿರದಲ್ಲಿ ನರ್ಸು.

"ನಿನ್ನ ಬಂಗಾರ ಸುಳ್ಳು ಹೇಳ್ತಿದೆ ಕಣೇ," ಅಂದ ಅವನು.

"ಏನಂದ್ರಿ?"

"ನಮ್ಮ ಅಡುಗೆಯವನಿಗೆ ಚಳಿಜ್ವರ ಬಂತು. ನಿಮ್ಮ ಹೊಸ ಡಬ್ಬದ ಜ್ವರದ ಪಟ್ಟಿಗೆ ರಕ್ತ ಹಾಕಿ ನೋಡಿದೆ. ಒಂದೇ ಗೆರೆ. ಮಲೇರಿಯಾ ಅಲ್ಲ, ಹೋಗಿ ಮಲಕ್ಕೋ ಅಂದೆ. ನಾನೇ ಅಂದೆ. ಈಗ ಅವನಿಗೆ ಪ್ರಜ್ಞೆ ಇಲ್ಲ. ಆಸ್ಪತ್ರೆಯವರು ಮೈಕ್ರೋಸ್ಕೋಪಲ್ಲಿ ನೋಡಿದ್ರೆ ರಕ್ತದ ತುಂಬಾ ಮಲೇರಿಯಾನೇ."

ಆ ಅಡುಗೆಯವನು ಕೆಂಡಮ್ಮನಿಗೆ ಗೊತ್ತಿದ್ದವನು. ಕಳೆದ ತಿಂಗಳು ಗಂಡನ ಜೊತೆ ಇದ್ದು ಬರೋಣವೆಂದು ಶಿಬಿರಕ್ಕೆ ಹೋಗಿದ್ದಾಗ ಅವನ ಕೈಯಡುಗೆಯನ್ನೇ ಉಂಡಿದ್ದಳು. "ಅಮ್ಮಾ, ನೀವು ಅಡುಗೆಮನೆಗೆ ಬಂದ್ರೆ ನನಗೆ ಸೌದೆ ಖರ್ಚಿಲ್ಲ, ಒಲೆ ತಾನಾಗೇ ಹತ್ತಿಕೊಳ್ಳುತ್ತೆ," ಎಂದು ಅವಳ ಮುಖದ ಮೇಲೇ ಹೇಳಿ ಬದುಕುಳಿದ ಒಬ್ಬನೇ ಗಂಡಸು ಅವನು.

"ಇನ್ನೂ ಎಷ್ಟೋ ಶಿಬಿರಕ್ಕೆ ಇದೇ ಡಬ್ಬ ಹೋಗಿದೆ," ಅಂದ ಗಂಡ. "ನಾನು ಫೋನು ಮಾಡಿ ಹೇಳಿದೆ. ನಿಂಗೆ ಪಟ್ಟಿ ಹಾಕೋಕೆ ಬರಲ್ಲ ಅಂತ ನಗ್ತಾರೆ. ಮಾಡಿದವರೇ ಬಾಯಿಬಿಟ್ಟು ಹೇಳಿದ್ರೆ ಮಾತ್ರ ನಿಲ್ಲಿಸ್ತಾರೆ. ನಿಮ್ಮಣ್ಣನ ಕೈಲಿ ಹೇಳಿಸು."

ಬಂಗಾರ ಎಂದರೆ ಹಳದಿ ಎಂದುಕೊಂಡವರು ಕೆಂಡಮ್ಮನ ಕೆಲಸ ನೋಡಿಲ್ಲ. ಬಂಗಾರದ ಲವಣವನ್ನು ನೀರಿಗೆ ಹಾಕಿ ಕುದಿಸಿ, ಅದಕ್ಕೆ ಇನ್ನೊಂದು ಲವಣ ಬೆರೆಸಿದರೆ ನೀರು ಮೊದಲು ಬೂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಪ್ಪು ನೀಲಿ, ಕೊನೆಗೆ ಒಳ್ಳೆಯ ದಾಳಿಂಬೆ ರಸದ ಕೆಂಪು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಬಿಡಿಬಿಡಿಯಾಗಿ ತೇಲುವ ಬಂಗಾರ ಕೆಂಪಗಿರುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಗಂಟಾದರೆ ನೀಲಿ, ಅಲ್ಲಿಗೆ ಸತ್ತಂತೆ. ಜ್ವರದ ಪಟ್ಟಿಯ ಮೇಲೆ ಮೂಡುವ ಗೆರೆ ಈ ಬಂಗಾರವೇ. ರಕ್ತದಲ್ಲಿ ಮಲೇರಿಯಾ ಇದ್ದರೆ ಎರಡು ಗೆರೆ, ಇಲ್ಲದಿದ್ದರೆ ಒಂದು. ಬಂಗಾರ ಅರೆಜೀವವಾಗಿದ್ದರೆ ಒಂದು ಗೆರೆ ಹೇಗೋ ಮಸುಕಾಗಿ ಮೂಡುತ್ತದೆ, ಬರಬೇಕಾದ ಎರಡನೆಯದು ಬರುವುದೇ ಇಲ್ಲ. ಪಟ್ಟಿ ಸುಮ್ಮನಿದ್ದಿದ್ದರೂ ವಾಸಿಯಿತ್ತು, ಇದು ಧೈರ್ಯವಾಗಿ ಸುಳ್ಳು ಹೇಳುತ್ತದೆ.

ಬಂಗಾರ ಕುದಿಸುವುದು ಅವಳ ಕೆಲಸ, ಅದನ್ನು ಪಟ್ಟಿಗೆ ಬಳಿಸಿ ಕತ್ತರಿಸಿ ಮಾರುವುದು ಅಣ್ಣನದು. ಶಿಬಿರಕ್ಕೆ ಹೊರಡುವ ಮುಂಚೆ ಸೀಸೆಗಳನ್ನು ತುಂಬಿಸಿಟ್ಟು ಹೋಗಿದ್ದಳು. ತಿರುಗಿ ಬಂದಾಗ ಡಬ್ಬಗಳು ತಯಾರಾಗಿದ್ದವು. "ಪರೀಕ್ಷೆ ಮಾಡಿ ನೋಡಿದ್ಯಾ?" ಎಂದು ಕೇಳಿದ್ದಕ್ಕೆ "ಓಹೋ, ಬೆಂಕಿ ಥರ ಗೆರೆ," ಎಂದಿದ್ದ. ನಂಬಿದ್ದಳು. ಒಡಹುಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬಬೇಕು?

ಧಡಧಡ ಕೆಳಗಿಳಿದು ಬಂದವಳೇ ವ್ಯಾನಿನ ಬಾಗಿಲಿಗೆ ಅಡ್ಡ ನಿಂತಳು.

"ಒಂದು ಡಬ್ಬಾನೂ ಹೊರಗೆ ಹೋಗಲ್ಲ."

"ಬೆಳಿಗ್ಗೆ ಬೆಳಿಗ್ಗೆ ಏನೇ ನಿಂದು?" ಅಣ್ಣ ವ್ಯಾನಿನವನ ಕಡೆ ನೋಡಿ ಕಣ್ಣು ಮಿಟುಕಿಸಿದ. "ಕಾಫಿ ಕೊಟ್ಟಿಲ್ವಾ ಇವಳಿಗೆ ಯಾರೂ?"

ಅವಳು ಗಂಡ ಹೇಳಿದ್ದನ್ನು ಹೇಳಿದಳು. ಅಣ್ಣನ ಮುಖ ಒಂದು ಕ್ಷಣ ಬಿಳುಚಿಕೊಂಡಿತು, ಮರುಕ್ಷಣವೇ ಅಂಗಡಿಯ ನಗೆ ವಾಪಸು ಬಂತು. "ಭಾವ ಬಿಸಿಲಲ್ಲಿ ಇಟ್ಟಿರ್ತಾರೆ. ಪಟ್ಟಿ ನೋಡ್ಕೊಳ್ಳೋಕೆ ಬರದೆ ನಮ್ಮ ಮೇಲೆ ಗೂಬೆ ಕೂರಿಸ್ತಿದಾರೆ. ನಮ್ಮ ಮಾಲು ಚೆನ್ನಾಗಿದೆ, ತಾಯಾಣೆ. ನೋಡು ಬೇಕಾದ್ರೆ." ಫ್ರಿಜ್ಜಿನಿಂದ ಉಳಿದಿದ್ದ ಒಂದು ಸೀಸೆ ತೆಗೆದು ಕಿಟಕಿಗೆ ಹಿಡಿದ. "ಎಷ್ಟು ಕೆಂಪಗಿದೆ ನೋಡು!"

ಕೆಂಪಗೇನೋ ಇತ್ತು. ಅತಿಯಾಗಿಯೇ ಇತ್ತು. ಇಷ್ಟು ವರ್ಷ ಆ ಬಣ್ಣವನ್ನು ಕುದಿಸಿದ ಅವಳ ಕಣ್ಣಿಗೆ ಅದು ತನ್ನ ಕೆಂಪಲ್ಲ ಅನ್ನಿಸಿತು.

"ಅಮ್ಮಾ, ಉಪ್ಪಿನ ಡಬ್ಬಿ ಕೊಡು!" ಎಂದು ಮಹಡಿಯ ಕಡೆ ಕೂಗಿದಳು.

ಗಲಾಟೆ ಕೇಳಿ ಅಷ್ಟರಲ್ಲೇ ಇಳಿದು ಬರುತ್ತಿದ್ದ ಅಮ್ಮ ಉಪ್ಪು ತಂದುಕೊಟ್ಟಳು, ಜೊತೆಗೆ ಬುದ್ಧಿಮಾತನ್ನೂ. "ಬೀದಿ ಜನ ನೋಡ್ತಿದಾರೆ ಕಣೇ ಕೆಂಡಮ್ಮಾ. ಉಪ್ಪು ತಿಂದ ಮನೆಗೆ ಎರಡು ಬಗೀಬಾರದು."

"ಉಪ್ಪು ತಿಂದವನು ನೀರು ಕುಡೀಲೇಬೇಕು, ಅದೂ ಗಾದೆನೇ ಅಮ್ಮಾ."

ಎರಡು ಗಾಜಿನ ಲೋಟ ಇಟ್ಟಳು. ಒಂದಕ್ಕೆ ತನ್ನ ಮೇಜಿನ ಮೇಲಿದ್ದ ಹಳೆಯ ಸೀಸೆಯಿಂದ ಸ್ವಲ್ಪ ಬಂಗಾರ ಬಗ್ಗಿಸಿದಳು, ಇನ್ನೊಂದಕ್ಕೆ ಅಣ್ಣನ ಕೈಯಲ್ಲಿದ್ದ ಸೀಸೆಯಿಂದ. ಎರಡೂ ಕೆಂಪು. ಇಂಥ ಹಸಿ ಬಂಗಾರಕ್ಕೆ ಉಪ್ಪು ಕಂಡರೆ ಆಗದು, ಚಿಟಿಕೆ ಬಿದ್ದರೆ ಸಾಕು, ಕಣಗಳು ಅಂಟಿಕೊಂಡು ನೀರು ನೀಲಿಗೆ ತಿರುಗುತ್ತದೆ. ಮೊದಲ ಲೋಟಕ್ಕೆ ಉಪ್ಪು ಹಾಕಿ ಅಲ್ಲಾಡಿಸಿದಳು. ನೋಡನೋಡುತ್ತಿದ್ದಂತೆ ಅದು ನೀಲಿಯಾಯಿತು. ವ್ಯಾನಿನವನು "ಅಬ್ಬಾ" ಅಂದ. ಎರಡನೆಯದಕ್ಕೆ ಹಾಕಿದಳು. ಏನೂ ಆಗಲಿಲ್ಲ. ಇನ್ನೊಂದು ಚಿಟಿಕೆ, ಆಮೇಲೆ ಒಂದು ಹಿಡಿ. ಕೆಂಪು ಕೆಂಪಾಗಿಯೇ ನಿಂತಿತ್ತು.

"ಹೇಗೆ ಬದಲಾಗುತ್ತೆ? ನಾಚಿಕೆ ಇದ್ರೆ ತಾನೇ!" ಕೆಂಡಮ್ಮ ಗಂಟಲು ಹರಿಯುವಂತೆ ಕೂಗಿದಳು. "ಮಿಠಾಯಿ ಬಣ್ಣ ಕಣೋ ಇದು! ಬಂಗಾರ ಎಲ್ಲಿ? ನನ್ನ ಬಂಗಾರ ಏನು ಮಾಡಿದೆ?"

"ನಂಗೇನೇ ಗೊತ್ತು? ನೀನು ಕುದಿಸಿದ್ದು. ನಿನ್ನ ಸೀಸೆ, ನಿನ್ನ ನೀರು. ಲವಣ ಕೊಟ್ಟವನೇ ಮೋಸ ಮಾಡಿದ್ನೋ ಏನೋ." ಅಣ್ಣ ಹೊಸ ಡಬ್ಬವೊಂದನ್ನು ಎದೆಗೆ ಅವುಚಿಕೊಂಡು ಅವಳಿಗಿಂತ ಜೋರಾಗಿ ಕಿರುಚಿದ. "ನಾನು ಕಣ್ಮುಚ್ಚಿ ನಂಬಿ ಬಳಿಸಿದೀನಿ. ಪಟ್ಟಿ ಚೆನ್ನಾಗೇ ಇದೆ, ಬೇಕಾದ್ರೆ ಬರೆದುಕೊಡ್ತೀನಿ!"

ಮನೆಯ ಮಾನ ಕಾಯಲು ಬಂದ ಅಮ್ಮ "ಅವನಿಗೇನು ಗೊತ್ತಿರುತ್ತೆ ಪಾಪ," ಎಂದಳು. ಹೆತ್ತ ಮಗಳು ನಿಂತು ಉರಿಯುತ್ತಿದ್ದಾಳೆ, ಪಾಪ ಅನ್ನಿಸಿಕೊಂಡವನು ಮಾತ್ರ ಮಗ!

ಅದೇ ಹೊತ್ತಿಗೆ ಅತ್ತಿಗೆ ಬಂದಳು. ಸೊಂಟದ ಮೇಲೆ ಮಗಳು, ಕೆನ್ನೆ ಕೆಂಪಗೆ, ಕಣ್ಣು ಅರ್ಧ ಮುಚ್ಚಿತ್ತು. "ರೀ, ಮಗು ಮೈ ಸುಡ್ತಿದೆ. ನಡುಗ್ತಾನೂ ಇದೆ. ಒಂದು ಪಟ್ಟಿ ಕೊಡಿ, ನೋಡ್ಬಿಡೋಣ."

ಅಣ್ಣ ಎದೆಗೆ ಅವುಚಿಕೊಂಡಿದ್ದ ಡಬ್ಬವನ್ನು ಕೆಳಗಿಟ್ಟ. ಸ್ಟೂಲು ಎಳೆದು ಹತ್ತಿದ. ಕಪಾಟಿನ ಮೇಲ್ತುದಿಯಲ್ಲಿ ಧೂಳು ಹಿಡಿದಿದ್ದ ಹಳೆಯ ಡಬ್ಬದೊಳಗೆ ಕೈಹಾಕಿ, ಒಂದು ಪಟ್ಟಿ ತೆಗೆದು, ಬಾಯಿಂದ ಧೂಳು ಊದಿ, ಹೆಂಡತಿಯ ಕಡೆ ಚಾಚಿದ.

ಕೈ ಚಾಚಿದ ಮೇಲೆಯೇ ಅವನಿಗೆ ತಾನೇನು ಮಾಡಿದೆ ಎಂಬುದು ತಿಳಿದದ್ದು. ಸ್ಟೂಲಿನ ಮೇಲೇ ನಿಂತುಬಿಟ್ಟ.

ಈಗ ಕೆಂಡಮ್ಮ ಕೂಗಲಿಲ್ಲ. ಅವನು ಕೆಳಗಿಟ್ಟಿದ್ದ ಹೊಸ ಡಬ್ಬ ಹರಿದು ಒಂದು ಪಟ್ಟಿ ತೆಗೆದು ಅವನ ಮುಂದೆ ಹಿಡಿದಳು. "ಇದನ್ನ ಹಾಕಣ್ಣ. ಕೈಗೆ ಸಿಗೋ ಹಾಗೇ ಇತ್ತಲ್ಲ. ಯಾಕೆ ಅಷ್ಟು ಮೇಲೆ ಹತ್ತಿದೆ?"

"ಮಗು ಕಣೇ ಅದು..."

"ಅಲ್ಲಿ ಮಲಗಿರೋನು ಯಾರ ಮಗನೂ ಅಲ್ವಾ?"

ಅತ್ತಿಗೆ ಗಂಡನ ಮುಖ ನೋಡಿದಳು, ನಾದಿನಿಯ ಕೈಯಲ್ಲಿದ್ದ ಪಟ್ಟಿ ನೋಡಿದಳು. ಹೆಚ್ಚು ಮಾತಿನವಳಲ್ಲ. ಹಳೆಯ ಪಟ್ಟಿಯನ್ನು ಕಿತ್ತುಕೊಂಡು, ಮಗುವಿನ ಬೆರಳು ಚುಚ್ಚಿ, ರಕ್ತ ಹಾಕಿ ಮೇಜಿನ ಮೇಲಿಟ್ಟಳು. ಮಗುವನ್ನು ಅಜ್ಜಿಯ ತೋಳಿಗೆ ಕೊಟ್ಟು ವ್ಯಾನಿನ ಹತ್ತಿರ ಹೋಗಿ ಮೊದಲ ಡಬ್ಬವನ್ನು ತಾನೇ ಕೆಳಗಿಳಿಸಿದಳು. "ನಿಂತ್ಕೊಂಡು ಏನು ನೋಡ್ತೀಯಪ್ಪ? ಇಳಿಸು," ಎಂದು ವ್ಯಾನಿನವನಿಗೆ ಹೇಳಿದಳು. ಅವನು ಇಳಿಸತೊಡಗಿದ.

ಅಣ್ಣ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಆಗ ಹೊರಬಂತು ನಿಜ. ತಂಗಿ ಶಿಬಿರಕ್ಕೆ ಹೋಗಿದ್ದಾಗ ಹೊಸ ಫ್ರಿಜ್ಜು ತಂದು ಸೀಸೆಗಳನ್ನು ಅದರಲ್ಲಿಟ್ಟು, ತಂಪು ಹೆಚ್ಚಿದಷ್ಟೂ ಹಾಲು ಕೆಡುವುದಿಲ್ಲ, ಬಂಗಾರ ಯಾಕೆ ಕೆಟ್ಟೀತು ಎಂದು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಬೆಳಿಗ್ಗೆ ನೋಡಿದರೆ ಸೀಸೆಗಳು ಕಲ್ಲಾಗಿದ್ದವು. ಕರಗಿಸಿದಾಗ ನೀಲಿ ಬೂದಿ ತಳಕ್ಕೆ ಕೂತಿತ್ತು. ಹೆಪ್ಪುಗಟ್ಟಿದ ಬಂಗಾರ ಮತ್ತೆ ಕೆಂಪಾಗದು. ಅಳಿದುಳಿದ ಬಂಗಾರವಿದ್ದ ಮೇಲಿನ ನೀರಿಗೆ ಮಿಠಾಯಿ ಬಣ್ಣ ಹಾಕಿ, ಅದನ್ನೇ ಪಟ್ಟಿಗೆ ಬಳಿಸಿದ.

"ನಿನ್ನ ಬಾಯಿಗೆ ಹೆದರಿ ಮಾಡಿದೆ ಕಣೇ," ಅಂದ. "ಹೇಳಿದ್ರೆ ಸುಮ್ನೆ ಬಿಡ್ತಿದ್ಯಾ ನನ್ನ?"

ಆ ಮಾತು ಅವಳಿಗೆ ನಾಟಿತು. ಬಿಡುತ್ತಿರಲಿಲ್ಲ, ನಿಜ. ಮನೆ ಹಾರಿಹೋಗುವಂತೆ ಕೂಗಾಡಿ, ವಾರಗಟ್ಟಲೆ ಮುಖ ಊದಿಸಿ, ಕೊನೆಗೆ ಹೊಸದಾಗಿ ಕುದಿಸಿ ಕೊಡುತ್ತಿದ್ದಳು. ಅಷ್ಟೇ ಆಗುತ್ತಿದ್ದದ್ದು. ಅಷ್ಟನ್ನು ತಪ್ಪಿಸಿಕೊಳ್ಳಲು ಇವನು ಊರೂರಿಗೆ ಸುಳ್ಳು ಹಂಚಿದ. ಇಷ್ಟಾದ ಮೇಲೂ ತಪ್ಪು ಅವಳ ಬಾಯಿಯದಂತೆ!

"ನನ್ನ ಬಾಯಿ ಯಾರ ಜೀವಾನೂ ತೆಗ್ದಿಲ್ಲ," ಅಂದಳು. "ಬೈಸ್ಕೊಂಡಿದ್ರೆ ಏನಣ್ಣ ಹೋಗ್ತಿತ್ತು ನಿಂದು?"

ಮೇಜಿನ ಹತ್ತಿರ ವಾಪಸು ಬಂದ ಅತ್ತಿಗೆ ಮಗುವಿನ ಪಟ್ಟಿ ನೋಡಿ "ಒಂದೇ ಗೆರೆ," ಎಂದಳು. ಅಣ್ಣ ದೊಡ್ಡದಾಗಿ ಉಸಿರು ಬಿಟ್ಟ. ಆ ನೆಮ್ಮದಿಯ ಉಸಿರು ಕೇಳಿ ಕೆಂಡಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅಡುಗೆಯವನೂ ಹೀಗೇ ಉಸಿರು ಬಿಟ್ಟಿರಬೇಕು, ಒಂದೇ ಗೆರೆ ಎಂದು ಕೇಳಿ. ನಗುತ್ತಾ ಹೋಗಿ ಮಲಗಿರಬೇಕು.

ಅವಳು ಫೋನು ತಂದು ಅವನ ಅಂಗೈಯಲ್ಲಿಟ್ಟಳು. "ಒಂದೊಂದು ಶಿಬಿರಕ್ಕೂ ಮಾಡು. ನಿನ್ನ ಬಾಯಲ್ಲೇ ಹೇಳು. ಎಲ್ಲರಿಗೂ ಕೇಳೋ ಹಾಗೆ ಸ್ಪೀಕರ್ ಹಾಕು."

"ನಮ್ಮ ಕಥೆ ಮುಗೀತು ಹಾಗಾದ್ರೆ," ಎಂದು ಅಮ್ಮ ಗೋಡೆಗೆ ಒರಗಿದಳು.

ಅಣ್ಣ ಫೋನು ಮಾಡಿದ. ಆ ಕಡೆ ಯಾರೋ ಹೆಂಗಸು ಎತ್ತಿದಳು. "ನಮಸ್ಕಾರ... ನಾವು ಪಟ್ಟಿ ಕಳಿಸೋರು. ಹೊಸ ಡಬ್ಬದಲ್ಲಿ ಸ್ವಲ್ಪ ತೊಂದರೆ..."

"ಸ್ವಲ್ಪ ಅಲ್ಲ," ಅಂದಳು ಕೆಂಡಮ್ಮ. "ಸುಳ್ಳು ಅನ್ನು."

ಅವನು ಫೋನನ್ನು ಬಾಯಿಗೆ ಹತ್ತಿರ ತಂದ. "ಆ ಪಟ್ಟಿ ಸುಳ್ಳು ಹೇಳುತ್ತೆ. ನಂಬಬೇಡಿ. ನಾನೇ ಬಣ್ಣ ಹಾಕಿದೀನಿ."

ಆ ಕಡೆಯಿಂದ ಹೆಂಗಸಿನ ದನಿ ಬಂತು, ಬೈಗುಳವಿಲ್ಲದೆ, ಮೆಲ್ಲಗೆ. "ಹೌದಾ... ಒಂದೇ ಗೆರೆ ಬಂತು, ಏನಿಲ್ಲ ಅಂತ ಧೈರ್ಯ ಹೇಳಿ ಎಷ್ಟೋ ಜನರನ್ನ ಊರಿಗೆ ಕಳಿಸಿಬಿಟ್ಟೆನಲ್ಲ ಸ್ವಾಮಿ. ಯಾರ್ಯಾರು ಎಲ್ಲೆಲ್ಲಿಗೆ ಹೋದ್ರೋ. ಈಗ ಅವರನ್ನ ಎಲ್ಲಿ ಅಂತ ಹುಡುಕಲಿ?"

ಅಣ್ಣ ತಲೆಯೆತ್ತಿ ತಂಗಿಯನ್ನು ನೋಡಿದ. ಚಿಕ್ಕಂದಿನಲ್ಲಿ, ಎಲ್ಲ ತರಗತಿಗೂ ಒಂದೇ ಕೋಣೆಯಿದ್ದ ಶಾಲೆಯಲ್ಲಿ, ಮೇಷ್ಟರು ಪ್ರಶ್ನೆ ಕೇಳಿದಾಗಲೂ ಹೀಗೇ ನೋಡುತ್ತಿದ್ದ, ಅವಳು ಹಿಂದಿನ ಬೆಂಚಿನಿಂದ ಪಿಸುಗುಟ್ಟಿ ಹೇಳಿಕೊಡುತ್ತಿದ್ದಳು.

"ನನ್ನ ಯಾಕೆ ನೋಡ್ತೀಯ?" ಅಂದಳು ಕೆಂಡಮ್ಮ. "ನಿನ್ನನ್ನೇ ಕೇಳ್ತಿರೋದು. ಹೇಳು."